ಗಾಡಿ ಸ್ವಲ್ಪ ಸೈಡಿಗೆ ಹಾಕಿ

ಸೈಡಣ್ಣ ಎಂಬ ಹೆಸರು ಅವನಿಗೆ ಹೆತ್ತವರು ಇಟ್ಟದ್ದಲ್ಲ, ಬಸ್ ಡಿಪೋದವರು ಇಟ್ಟದ್ದು. ಹಿಂದಿನಿಂದ ಯಾರೇ ಹಾರ್ನ್ ಹೊಡೆಯಲಿ, ಕಾರಿನವನಿರಲಿ, ಸ್ಕೂಟರಿನವನಿರಲಿ, ಟ್ರಿಣ್ ಟ್ರಿಣ್ ಎನ್ನುವ ಸೈಕಲ್ಲಿನವನೇ ಇರಲಿ, ಅವನು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಅಷ್ಟುದ್ದದ ಬಸ್ಸನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟುಬಿಡುತ್ತಿದ್ದ. ಕಂಡಕ್ಟರನಿಗೆ ಮೈಯೆಲ್ಲ ಉರಿಯುತ್ತಿತ್ತು. ಇವನ ಬಸ್ಸಿನಲ್ಲಿ ಹೋಗುವುದಕ್ಕಿಂತ ನಡೆದು ಹೋದರೆ ಬೇಗ ತಲುಪಬಹುದು ಎಂದು ಪ್ರಯಾಣಿಕರ ಎದುರಿಗೇ ಅವನು ಗೊಣಗುತ್ತಿದ್ದ. ಸೈಡಣ್ಣ ನಗುತ್ತಿದ್ದ. ಅವರಿಗೇನು ಅವಸರವೋ ಪಾಪ, ಹೋಗಲಿ ಬಿಡು, ಎನ್ನುತ್ತಿದ್ದ. ಹೀಗೆ ಹೋಗಲಿ ಬಿಡು ಎನ್ನುತ್ತಲೇ ಕೂದಲು ನರೆಯಿತು. ಬಸ್ಸಿನ ಮೈಮೇಲೆ ಮಾತ್ರ ಅವನ ಕೈಯಿಂದ ಒಂದು ಗೀರು ಬೀಳಲಿಲ್ಲ.

ಡಿಪೋದಲ್ಲಿ ಇನ್ನೊಂದು ಪದ್ಧತಿ ಇತ್ತು. ಅದನ್ನು ಯಾರೂ ಹೇಳಿಕೊಡುವುದಿಲ್ಲ, ನೋಡಿ ಕಲಿಯಬೇಕು. ಬಸ್ ತಡವಾಯಿತು, ಸ್ಟಾಪಿನಲ್ಲಿ ನಿಲ್ಲಿಸಲಿಲ್ಲ, ಚಿಲ್ಲರೆಗೆ ಜಗಳವಾಯಿತು ಎಂದು ದಿನಾ ಯಾವುದಾದರೂ ದೂರು ಬಂದೇ ಬರುತ್ತದೆ. ಮ್ಯಾನೇಜರ್ ಕರೆಯುತ್ತಾರೆ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಪೆನ್ನು ಎತ್ತಿ ಹಿಡಿದು, ಏನಪ್ಪಾ ಇದು ಎನ್ನುತ್ತಾರೆ. ಹೊಸ ಡ್ರೈವರುಗಳು ವಾದಕ್ಕೆ ನಿಲ್ಲುತ್ತಾರೆ, ಪೆನ್ನು ಕೆಳಗಿಳಿದು ಕಾಗದದ ಮೇಲೆ ಓಡುತ್ತದೆ, ಅವರ ಕಥೆ ಮುಗಿಯಿತು. ಹಳಬರು ಹಾಗಲ್ಲ. ಮ್ಯಾನೇಜರರ ಮಾತು ಮುಗಿಯುವ ಮೊದಲೇ "ತಪ್ಪಾಯ್ತು ಸಾರ್" ಎಂದುಬಿಡುತ್ತಾರೆ. ಪೆನ್ನಿಗೆ ಮುಚ್ಚಳ ಬೀಳುತ್ತದೆ. ಮುಂದೆ ನೋಡಿಕೊಂಡು ಹೋಗು ಎಂಬ ಒಂದು ಬುದ್ಧಿಮಾತು, ಅಷ್ಟೇ.

ಈ ವಿದ್ಯೆಯಲ್ಲಿ ಸೈಡಣ್ಣನನ್ನು ಮೀರಿಸುವವರಿರಲಿಲ್ಲ. ಒಮ್ಮೆ ಯಾರೋ ಹೆಂಗಸು, ಡ್ರೈವರ್ ತನ್ನ ಮೇಲೆ ರೇಗಾಡಿದ ಎಂದು ದೂರು ಕೊಟ್ಟಿದ್ದಳು. ಸೈಡಣ್ಣನನ್ನು ಕರೆಸಿದರು, ಇವನು ತಪ್ಪಾಯ್ತು ಎಂದ, ಬುದ್ಧಿಮಾತು ಕೇಳಿಕೊಂಡ, ಹೊರಟ. ಆಮೇಲೆ ನೋಡಿದರೆ ಆ ದಿನ ಅವನು ರಜೆಯಲ್ಲಿದ್ದ! ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಿಪೋ ಎಲ್ಲ ನಕ್ಕಿತು. ಸೈಡಣ್ಣನೂ ನಕ್ಕ. 

ಅವನ ಕಷ್ಟ ಶುರುವಾದದ್ದು ಡಿಪೋದ ಮೆಕ್ಯಾನಿಕ್ ನಿವೃತ್ತನಾದ ದಿನ. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಒಂದು ಚಿಕ್ಕ ಹಾಲ್ ಹಿಡಿದು ಮೆಕ್ಯಾನಿಕ್ ಮಧ್ಯಾಹ್ನದ ಊಟ ಹಾಕಿಸಿದ್ದ, ಊಟದ ಹಿಂದೆಯೇ ಬಾಟಲಿಯೂ ಬಂತು. ಸೈಡಣ್ಣ ಕುಡಿಯುವವನಲ್ಲ. ಕುಡಿಯುವುದೇ ಇಲ್ಲ ಎಂದಲ್ಲ, ವರ್ಷಕ್ಕೊಮ್ಮೆ ತುಟಿ ಒದ್ದೆ ಮಾಡಿಕೊಳ್ಳುವ ಪೈಕಿ. ಅವತ್ತು ಮೆಕ್ಯಾನಿಕ್ ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನ ಕೈಯಿಂದ ಇದೊಂದು ತಗೋ ಎಂದ. ಬೇಡ ಎನ್ನುವುದು ಇವನಿಗೆ ಯಾವತ್ತು ಬಂದಿತ್ತು? ಒಂದಾಯಿತು, ಇನ್ನೊಂದಾಯಿತು.

ಹೊರಗೆ ಅವನ ಸ್ವಂತ ಕಾರು ನಿಂತಿತ್ತು. ಹೆಂಡತಿಯ ಮಂಡಿನೋವು ಹೆಚ್ಚಾಗಿ, ಆಸ್ಪತ್ರೆಗೆ ಕರೆದುಕೊಂಡು ಹೋಗಲೆಂದೇ ಕೊಂಡಿದ್ದ ಹಳೇ ಕಾರು. ಕಾರಿನ ಹತ್ತಿರ ಬಂದವನಿಗೆ ತಲೆ ಹಗುರವಾದದ್ದು ತಿಳಿಯಿತು. ಈ ಸ್ಥಿತಿಯಲ್ಲಿ ಗಾಡಿ ಮುಟ್ಟಬಾರದು ಎಂದು ತಾನೇ ತೀರ್ಮಾನಿಸಿದ, ಯಾರೂ ಹೇಳಬೇಕಾಗಲಿಲ್ಲ. ಹೆಂಡತಿಗೆ ಫೋನ್ ಮಾಡಿದ. ಹೀಗೀಗೆ, ಎರಡು ಒಳಗೆ ಹೋಗಿದೆ, ಒಂದು ನಿದ್ದೆ ತೆಗೆದು ಇಳಿದ ಮೇಲೆ ಬರುತ್ತೇನೆ, ಕಾಯಬೇಡ ಎಂದ. ಅವಳು ಬೈದಳು, ಆಮೇಲೆ ಸರಿ ಮಲಗಿ ಎಂದಳು. ಬಿಸಿಲು ಸುಡುತ್ತಿತ್ತು. ಎಂಜಿನ್ ಚಾಲೂ ಮಾಡಿ, ಎಸಿ ಹಾಕಿಕೊಂಡು ಸೀಟು ಹಿಂದಕ್ಕೆ ಮಾಡಿ ಮಲಗಿದ. ಯಾವ ಸೀಟು? ಡ್ರೈವರ್ ಸೀಟೇ. ಆಯುಷ್ಯವೆಲ್ಲ ಅಲ್ಲೇ ಕುಳಿತವನಿಗೆ ಪಕ್ಕದ ಸೀಟೊಂದು ಇದೆ ಎಂಬುದಾದರೂ ಹೊಳೆಯಬೇಕಲ್ಲ.

ಕಿಟಕಿಯ ಮೇಲೆ ಟಕಟಕ ಸದ್ದಾದಾಗ ಅವನಿಗೆ ಒಳ್ಳೇ ನಿದ್ದೆ. ಕಣ್ಣು ಬಿಟ್ಟರೆ ಖಾಕಿ ತೋಳು. ಹಾಲ್‌ನಿಂದ ಕುರ್ಚಿ ತುಂಬಿದ ಲಾರಿಯೊಂದು ಹೊರಗೆ ಬರಬೇಕಿತ್ತು, ಇವನ ಕಾರಿನ ಮೂತಿ ಗೇಟಿಗೆ ಅಡ್ಡ ಬಂದಿತ್ತು.

"ಗಾಡಿ ಸ್ವಲ್ಪ ಸೈಡಿಗೆ ಹಾಕಿ" ಎಂದ ಪೇದೆ.

ಅಷ್ಟೇ. ಈ ಮಾತಿಗೆ ಸೈಡಣ್ಣನ ಮೈ ಕೇಳುತ್ತದೆ, ತಲೆಯನ್ನು ಕೇಳಲು ಹೋಗುವುದಿಲ್ಲ. ಬೆಲ್ಟ್ ಹಾಕಿಕೊಂಡ. ಕನ್ನಡಿ ನೋಡಿದ. ಇಂಡಿಕೇಟರ್ ಹಾಕಿದ. ಕಾರನ್ನು ನಾಜೂಕಾಗಿ ಹಿಂದಕ್ಕೆ ಸರಿಸಿ ಪಾದಚಾರಿ ದಾರಿಯ ಅಂಚಿಗೆ ಒಂದಿಷ್ಟೂ ತಾಗದಂತೆ ನಿಲ್ಲಿಸಿದ. ಲಾರಿಯವನು ಕೈಯೆತ್ತಿ ಥ್ಯಾಂಕ್ಸ್ ಹೇಳಿ ಹೋದ. ಆಗ ಕಿಟಕಿ ಇಳಿಸಿ, ಸಾಕಾ ಸಾರ್ ಎಂದು ಕೇಳಿದ. ಆ ಒಂದು ಮಾತಿನ ಜೊತೆ ವಾಸನೆ ಹೊರಗೆ ಬಂತು.

ಪೇದೆ ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ಅವನ ಮುಖವೂ ಸಪ್ಪಗಾಯಿತು. ಆದರೆ ಜೀಪಿನ ಹತ್ತಿರ ಅವನ ಸಾಹೇಬರು ನಿಂತು ನೋಡುತ್ತಿದ್ದರು. ಊದುವ ಮೆಷಿನ್ ಬಂತು. ಸೈಡಣ್ಣ ಊದಿದ. ಇನ್ನೂ ಜೋರಾಗಿ ಎಂದರು, ಪಾಪ, ಜೋರಾಗಿಯೇ ಊದಿದ. ಕಾರು, ಲೈಸೆನ್ಸ್ ಎರಡೂ ಅವರ ವಶವಾದವು. ಹೆಂಡತಿಯ ತಮ್ಮ ಠಾಣೆಗೆ ಓಡಿ ಬಂದು ಜಾಮೀನು ಕೊಟ್ಟು ಬಿಡಿಸಿಕೊಂಡು ಹೋದ. ಮನೆ ಬಾಗಿಲಲ್ಲಿ ಹೆಂಡತಿಯನ್ನು ಕಂಡಾಗ, ಮಲಗಿದ್ದೆ ಕಣೇ, ಸುಮ್ಮನೆ ಮಲಗಿದ್ದೆ ಎಂದ.

ಬಾಮೈದನೇ ಒಬ್ಬ ಲಾಯರ್ ಹೆಂಗಸನ್ನು ಗೊತ್ತು ಮಾಡಿದ. ಜೆರಾಕ್ಸ್ ಅಂಗಡಿಯ ಮೇಲಿನ ಇಕ್ಕಟ್ಟಾದ ಕೋಣೆ, ತುಕ್ಕು ಹಿಡಿದ ಬೀರು, ಒಂದು ಕಾಲು ಅಲ್ಲಾಡುವ ಸ್ಟೂಲು. ಆಕೆ ಎಲ್ಲವನ್ನೂ ಕೇಳಿಸಿಕೊಂಡಳು, ಫೋನ್ ಮಾಡಿದ ವಿಷಯವನ್ನು ಮತ್ತೊಮ್ಮೆ ಕೇಳಿದಳು, ಆಮೇಲೆ ಅಡ್ಡಗೋಡೆಯ ಮೇಲೆ ದೀಪ ಇಡದೆ ನೇರವಾಗಿ ಹೇಳಿದಳು.

"ನೋಡಿ, ಇರೋದು ಎರಡು ದಾರಿ. ಒಪ್ಕೊಂಡ್ರೆ ಅವತ್ತೇ ಮುಗಿಯುತ್ತೆ, ದಂಡ ಕಟ್ಟಿ ಮನೆಗೆ ಹೋಗ್ಬಹುದು. ಆದ್ರೆ ಕುಡಿದು ಓಡಿಸಿದವನು ಅಂತ ಕೋರ್ಟಿನ ಮುದ್ರೆ ಬೀಳುತ್ತೆ, ಆಮೇಲೆ ಬಸ್ಸನ್ನ ಮರೆತುಬಿಡಿ. ಒಪ್ಪಲ್ಲ ಅಂದ್ರೆ ವಿಚಾರಣೆ ನಡೆಯುತ್ತೆ. ತಡ ಆಗುತ್ತೆ, ಓಡಾಟ ಇರುತ್ತೆ. ಆದ್ರೆ ನಿಮ್ಮದು ನಿಲ್ಲೋ ಕೇಸು."

ಹೇಗೆ ನಿಲ್ಲುತ್ತದೆ ಎಂಬುದನ್ನೂ ಬಿಡಿಸಿ ಹೇಳಿದಳು. ಗಾಡಿ ಸರಿಸಲು ಹೇಳಿದವರು ಯಾರು ಎಂದು ಪೇದೆಯನ್ನೇ ಕಟಕಟೆಯಲ್ಲಿ ಕೇಳುತ್ತೇನೆ. ಮಲಗಿ ಬರುತ್ತೇನೆ ಎಂದು ಫೋನ್ ಮಾಡಿದ್ದಕ್ಕೆ ನಿಮ್ಮ ಮನೆಯವರೇ ಸಾಕ್ಷಿ. ಆ ಮೆಷಿನ್ ಸರಿಯಿದೆಯೇ ಎಂದು ಯಾವಾಗ ಪರೀಕ್ಷೆ ಮಾಡಿಸಿದ್ದರು, ಅದಕ್ಕೂ ಕಾಗದ ತೋರಿಸಲಿ. ಕೇಸು ಮುಗಿಯುವವರೆಗೆ ಲೈಸೆನ್ಸ್ ವಾಪಸ್ ಕೊಡಿ ಎಂದು ಬೇರೆ ಅರ್ಜಿ ಹಾಕೋಣ. ಸೈಡಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಕೊನೆಗೆ ಮೆಲ್ಲಗೆ, ಆದರೆ ಗಾಡಿ ಸರಿಸಿದ್ದು ನಿಜ ತಾನೇ ಮೇಡಂ, ಒಪ್ಪಲ್ಲ ಅಂದರೆ ಸುಳ್ಳಾಗುವುದಿಲ್ಲವೇ ಎಂದು ಕೇಳಿದ. ಆಕೆ ಪೆನ್ನು ಕೆಳಗಿಟ್ಟಳು. ಒಪ್ಪಲ್ಲ ಎಂದರೆ ನಾನು ಮಾಡಿಲ್ಲ ಎಂದಲ್ಲ, ನೀವು ಸಾಬೀತು ಮಾಡಿ ತೋರಿಸಿ ಎಂದು ಕೇಳುವುದು, ಅದು ನಿಮ್ಮ ಹಕ್ಕು ಎಂದಳು. ಸೈಡಣ್ಣ ಮತ್ತೆ ತಲೆಯಾಡಿಸಿದ. ಅರ್ಥವಾಗದಿದ್ದರೂ ತಲೆಯಾಡಿಸುವುದು ಅವನ ಹಳೇ ಕಾಯಿಲೆ.

ಕೋರ್ಟಿಗೆ ಹೋಗುವ ಮುನ್ನಾದಿನ ಮನೆಯಲ್ಲಿ ತಾಲೀಮು ನಡೆಯಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಅಡುಗೆಮನೆಯ ಸ್ಟೂಲಿನ ಮೇಲೆ ಜಡ್ಜ್ ಆಗಿ ಕುಳಿತಳು. ಕುಡಿದು ಗಾಡಿ ಓಡಿಸಿದ್ದೀರಾ ಎಂದು ಗಂಟಲು ದಪ್ಪ ಮಾಡಿ ಕೇಳಿದಳು. ತಪ್ಪಾಯ್ತು ಸಾರ್ ಎಂದ ಸೈಡಣ್ಣ! ಎಲ್ಲರೂ ನಕ್ಕರು. ಅಯ್ಯೋ, ಅದಲ್ಲರೀ ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. ಮತ್ತೆ ಕೇಳಿದರು, ಮತ್ತೆ ಕೇಳಿದರು. ಕೊನೆಕೊನೆಗೆ, ಒಪ್ಪಲ್ಲ ಸಾರ್ ಎಂಬುದು ಅವನ ಬಾಯಲ್ಲಿ ಚೆನ್ನಾಗಿಯೇ ಕುಳಿತಿತು. ಹೆಂಡತಿಯೂ ತನ್ನ ಸಾಕ್ಷಿಯನ್ನು ಪಾತ್ರೆ ತೊಳೆಯುತ್ತ ತನ್ನಷ್ಟಕ್ಕೇ ಹೇಳಿಕೊಂಡು ಗಟ್ಟಿ ಮಾಡಿಕೊಂಡಳು. ಫೋನಿನಲ್ಲಿ ತಾನು ಬೈದದ್ದನ್ನೂ ಹೇಳಬೇಕೋ ಬೇಡವೋ ಎಂಬುದೊಂದೇ ಅವಳ ಚಿಂತೆ.

ಕೋರ್ಟಿನ ಹಾಲ್ ಸಂತೆಯ ಹಾಗಿತ್ತು. ಬೆಂಚು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು, ಫ್ಯಾನು ತಿರುಗುತ್ತಿದ್ದರೂ ಗಾಳಿ ಯಾರಿಗೂ ತಾಗುತ್ತಿರಲಿಲ್ಲ. ಲಾಯರ್‌ಗೆ ಪಕ್ಕದ ಹಾಲ್‌ನಲ್ಲಿ ಇನ್ನೊಂದು ಕೇಸಿತ್ತು. ನಾನು ಬರುವ ಮೊದಲೇ ಕರೆದರೆ, ನಮ್ಮ ಲಾಯರ್ ಬರುತ್ತಾರೆ, ಸ್ವಲ್ಪ ಸಮಯ ಕೊಡಿ ಎನ್ನಿ, ಅಷ್ಟು ಸಾಕು ಎಂದು ಹೇಳಿ ಓಡಿದಳು. ಹೆಂಡತಿ ಮಂಡಿ ಹಿಡಿದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕುಳಿತಳು. ಬಾಮೈದ ಅವಳಿಗೆ ನೀರು ತರಲು ಹೋದ. ಅಷ್ಟರಲ್ಲಿ ಕೂಗಿಯೇಬಿಟ್ಟರು.

ಸೈಡಣ್ಣ ಮುಂದೆ ಹೋಗಿ ಕೈಕಟ್ಟಿ ನಿಂತ. ಮೇಲೆ ನೋಡಿದರೆ, ಏನು ಹೇಳುವುದು, ಮೂಗಿನ ತುದಿಯಲ್ಲಿ ಕನ್ನಡಕ, ಎತ್ತಿ ಹಿಡಿದ ಪೆನ್ನು. ಆರೋಪ ಹೀಗಿದೆ, ನೀವೇನು ಹೇಳುತ್ತೀರಿ ಎಂದು ಜಡ್ಜ್ ಕೇಳಿ ಮುಗಿಸುವಷ್ಟರಲ್ಲಿ ಇವನ ಬಾಯಿಂದ ಮಾತು ಹೊರಬಿದ್ದಾಗಿತ್ತು.

"ತಪ್ಪಾಯ್ತು ಸಾರ್."

ಜಡ್ಜ್ ಕೂಡ ಕೆಟ್ಟವರಲ್ಲ. ಈ ಕಥೆಯಲ್ಲಿ ಕೆಟ್ಟವರೆಂದು ಬೆರಳು ತೋರಿಸಲು ಒಬ್ಬನಾದರೂ ಇದ್ದಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು! ಅವರು ತಕ್ಷಣ ಬರೆದುಕೊಳ್ಳಲಿಲ್ಲ. ಯಾರಾದರೂ ಹೆದರಿಸಿದರೇ ಎಂದು ಕೇಳಿದರು, ಇಲ್ಲ ಎಂದ. ಒಪ್ಪಿಕೊಂಡರೆ ಶಿಕ್ಷೆಯಾಗುತ್ತದೆ, ಲೈಸೆನ್ಸಿಗೂ ತೊಂದರೆ, ಗೊತ್ತೇ ಎಂದರು, ಗೊತ್ತು ಎಂದ. ಲಾಯರನ್ನು ಇಟ್ಟುಕೊಂಡಿದ್ದರೆ ಕಾಯಬಹುದು, ಸಮಯ ಬೇಕಾ ಎಂದು ಕೊನೆಗೆ ಕೇಳಿದರು.

ದೇವರೇ ಬಾಗಿಲು ತೆರೆದು ನಿಂತ ಹಾಗೆ ಬಂದ ಮಾತು ಅದು. ಹೂಂ ಎಂದರೆ ಸಾಕಾಗಿತ್ತು. ಆದರೆ ಅದೇ ಗಳಿಗೆಗೆ ಸೈಡಣ್ಣನ ಬೆನ್ನ ಹಿಂದೆ ಸಾಲಿನಲ್ಲಿದ್ದ ಯಾರೋ ಒಬ್ಬ ಉಸ್ಸೆಂದು ನಿಟ್ಟುಸಿರು ಬಿಟ್ಟ. ಇನ್ನೊಬ್ಬ ಕೆಮ್ಮಿದ. ಹಿಂದಿನಿಂದ ಹಾರ್ನ್ ಹೊಡೆದಂತಾಯಿತು ಅವನಿಗೆ. ಇಷ್ಟು ಜನ ಕಾಯುತ್ತಿದ್ದಾರೆ, ತಾನೊಬ್ಬ ಅಡ್ಡ ನಿಂತಿದ್ದೇನೆ ಎನ್ನಿಸಿತು.

"ಪರವಾಗಿಲ್ಲ ಸಾರ್, ಹಿಂದೆ ತುಂಬಾ ಜನ ಇದ್ದಾರೆ. ಓಡಿಸಿದ್ದು ನಿಜ."

ಪೆನ್ನು ಕೆಳಗಿಳಿಯಿತು. ಮುಚ್ಚಳ ಬೀಳಲಿಲ್ಲ. ಅದು ಬರೆಯುತ್ತಲೇ ಇತ್ತು, ಬರೆಯುತ್ತಲೇ ಇತ್ತು. 

ಲಾಯರ್ ಏದುಸಿರು ಬಿಡುತ್ತ ಒಳಗೆ ಬಂದಾಗ ಎಲ್ಲ ಮುಗಿದಿತ್ತು. ದಂಡ, ಲೈಸೆನ್ಸ್ ಅಮಾನತು, ಮೇಲೆ ಸಹಿ. ಆಕೆ ಅವನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿ, ಬೈಯಲು ಬಾಯಿ ತೆರೆದಳು. ಅವನ ಮುಖ ನೋಡಿ ಕೈಯಲ್ಲಿದ್ದ ಫೈಲು ಮುಚ್ಚಿದಳು. ಸೈಡಣ್ಣ ಆಕೆಗೂ ತಪ್ಪಾಯ್ತು ಮೇಡಂ ಎಂದ. ಮೆಟ್ಟಿಲ ಮೇಲಿದ್ದ ಹೆಂಡತಿ ಕೈ ಊರಿ ಎದ್ದು ನಿಂತು, ನನ್ನನ್ನು ಯಾವಾಗ ಕರೆಯುತ್ತಾರೆ ಎಂದು ಕೇಳಿದಳು. ಅವಳು ಗಟ್ಟಿ ಮಾಡಿಕೊಂಡಿದ್ದ ಸಾಕ್ಷಿ ಅವಳ ಬಾಯಲ್ಲೇ ಉಳಿಯಿತು.

ಆಮೇಲೆ ಮೇಲ್ಮನವಿ. ಇನ್ನೂ ದಾರಿ ಇದೆ ಎಂದು ಲಾಯರ್ ಹೇಳಿದಾಗ ಮನೆಯಲ್ಲಿ ಎಲ್ಲರಿಗೂ ಜೀವ ಬಂದಂತಾಯಿತು. ಆದರೆ ಅದು ಎಂಥ ದಾರಿ ಎಂಬುದನ್ನೂ ಆಕೆಯೇ ಹೇಳಿದಳು. ವಿಚಾರಣೆ ನಡೆದು ಸೋತವನು ಮೇಲಿನ ಕೋರ್ಟಿಗೆ ಹೋಗಿ, ನಾನು ತಪ್ಪು ಮಾಡಿಲ್ಲ ಎಂದು ವಾದಿಸಬಹುದು. ತಾನಾಗಿಯೇ ಒಪ್ಪಿಕೊಂಡವನು ಹಾಗೆ ವಾದಿಸುವಂತಿಲ್ಲ, ಶಿಕ್ಷೆ ಹೆಚ್ಚಾಯಿತು, ಕಡಿಮೆ ಮಾಡಿ ಎಂದು ಬೇಡಬಹುದು ಅಷ್ಟೇ. ತಿಳಿಯದೆ ಒಪ್ಪಿಕೊಂಡೆ ಎನ್ನೋಣವೆಂದರೆ ಜಡ್ಜ್ ಕೇಳಿದ ಒಂದೊಂದು ಪ್ರಶ್ನೆಯೂ, ಇವನು ಕೊಟ್ಟ ಒಂದೊಂದು ಉತ್ತರವೂ ದಾಖಲಾಗಿದೆ. ಆದರೂ ಆಕೆ ಬಿಡಲಿಲ್ಲ, ಅದನ್ನೂ ಹೇಳಿ ನೋಡಿದಳು. ದೊಡ್ಡ ಜಡ್ಜ್ ಎಲ್ಲವನ್ನೂ ಓದಿ, ಪಾಪ ಎಂಬಂತೆ ಇವನ ಕಡೆ ನೋಡಿ, ಅಮಾನತಿನ ಅವಧಿಯನ್ನು ಕಡಿಮೆ ಮಾಡಿದರು. ಅಪರಾಧ ಎಂಬ ಮಾತು ಮಾತ್ರ ಹಾಗೆಯೇ ಉಳಿಯಿತು. ಅದಕ್ಕೂ ಮೇಲೆ ಇನ್ನೊಂದು ಕೋರ್ಟಿದೆ ಎಂದಳು ಲಾಯರ್, ಆದರೆ ಅಲ್ಲಿ ಕೇಸು ತೀರುವಷ್ಟರಲ್ಲಿ ಇವನ ನಿವೃತ್ತಿಯ ವಯಸ್ಸು ದಾಟಿರುತ್ತದೆ. ಇದನ್ನು ಹೇಳುವಾಗ ಆಕೆ ಕಿಟಕಿಯ ಕಡೆ ತಿರುಗಿಕೊಂಡಿದ್ದಳು.

ಅವಧಿ ಕಡಿಮೆಯಾಯಿತಲ್ಲ ಎಂದು ಬಾಮೈದ ಸಿಹಿ ತಂದ. ಅದು ಡಬ್ಬಿಯಲ್ಲೇ ಗಟ್ಟಿಯಾಯಿತು.

ಸೈಡಣ್ಣನಿಗೆ ಕೊನೆಯ ಆಸೆ ಒಂದಿತ್ತು, ಡಿಪೋದ ಆ ಕೋಣೆ. ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಹೋದ. ಮ್ಯಾನೇಜರ್ ಕುಳಿತುಕೊ ಎಂದರು. ಅಷ್ಟು ವರ್ಷಗಳಲ್ಲಿ ಅವರು ಡ್ರೈವರನೊಬ್ಬನಿಗೆ ಕುರ್ಚಿ ತೋರಿಸಿದ್ದು ಅದೇ ಮೊದಲು, ಅದರಲ್ಲೇ ಅವನಿಗೆ ಎಲ್ಲ ಗೊತ್ತಾಗಬೇಕಿತ್ತು. ಅವನು ಕುಳಿತುಕೊಳ್ಳಲಿಲ್ಲ. ತನಗೆ ಬಂದ ಒಂದೇ ವಿದ್ಯೆಯನ್ನು ಪ್ರಯೋಗಿಸಿದ.

"ತಪ್ಪಾಯ್ತು ಸಾರ್."

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. "ಈ ಕೋಣೇಲಿ ಆಗಿದ್ರೆ ನಾನು ಮುಚ್ಚಿಹಾಕ್ತಿದ್ದೆ ಕಣೋ. ಇದು ಹೊರಗಡೆ ಆಗಿಹೋಗಿದೆ. ನನ್ನ ಕೈಲಿ ಏನೂ ಇಲ್ಲ." ಕುಡಿದು ಓಡಿಸಿ ಶಿಕ್ಷೆಯಾದವನು ಬಸ್ಸಿನಲ್ಲಿ ಕೂರುವಂತಿಲ್ಲ, ಅದು ನಿಯಮ. ಆ ನಿಯಮ ಒಳ್ಳೆಯದೇ ಎಂದು ಸೈಡಣ್ಣನೇ ಎಷ್ಟೋ ಸಲ ಹೇಳಿದ್ದ. ಬಸ್ ತೊಳೆಯುವ ಕಡೆ ಕೆಲಸ ಕೊಡಿಸುತ್ತೇನೆ ಎಂದರು ಮ್ಯಾನೇಜರ್. ಸೈಡಣ್ಣ ತಲೆಯಾಡಿಸಿದ. ಹೊರಗೆ ಅವನ ಬಸ್ಸು ಹೊರಡುತ್ತಿತ್ತು, ಬೇರೆ ಯಾರೋ ಕುಳಿತಿದ್ದರು, ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದರು. ಗಂಡಸು, ನರೆತ ಮೀಸೆಯ ಸೈಡಣ್ಣ, ಡಿಪೋದ ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಳ್ಳುವ ನೆಪದಲ್ಲಿ ಅತ್ತ.

ಕಾರನ್ನು ಬಿಡಿಸಿಕೊಳ್ಳುವ ಕೆಲಸವೊಂದು ಬಾಕಿ ಇತ್ತು. ಆದೇಶ ಹಿಡಿದುಕೊಂಡು ಸೈಡಣ್ಣ, ಹೆಂಡತಿ, ಮಗಳು ಪೊಲೀಸರ ಅಂಗಳಕ್ಕೆ ಹೋದರು. ಕಾರು ಓಡಿಸಿಕೊಂಡು ಹೋಗಲು ಮೆಕ್ಯಾನಿಕ್ ಬರುವವನಿದ್ದ. ಆ ಊಟದ ಮಧ್ಯಾಹ್ನದಿಂದ ಅವನು ಇವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ, ಇದೊಂದಾದರೂ ಮಾಡುತ್ತೇನೆ ಎಂದು ಕೈಹಿಡಿದು ಕೇಳಿಕೊಂಡಿದ್ದ. ಇನ್ನೂ ದಾರಿಯಲ್ಲಿದ್ದ. ಮಗಳಿಗೆ ಗಾಡಿ ಬರುವುದಿಲ್ಲ. ಕಲಿಸಿ ಅಪ್ಪ ಎಂದು ಎಷ್ಟೋ ಸಲ ಪೀಡಿಸಿದ್ದಳು, ನಾನಿದ್ದೇನಲ್ಲ ಬಿಡು ಎಂದು ಇವನೇ ಮುಂದೂಡಿದ್ದ.

ಅಂಗಳದಲ್ಲಿ ಗಾಡಿಗಳು ಒತ್ತೊತ್ತಾಗಿ ಧೂಳು ತಿನ್ನುತ್ತ ನಿಂತಿದ್ದವು. ಕಾವಲಿನ ಪೊಲೀಸ್ ಸಹಿ ತೆಗೆದುಕೊಂಡು ಕೀ ಕೈಗಿತ್ತ. ಅದೇ ಹೊತ್ತಿಗೆ ಇವರ ಕಾರಿನ ಹಿಂದೆ ಸಿಕ್ಕಿಕೊಂಡಿದ್ದ ವ್ಯಾನಿನವನು ಎಂಜಿನ್ ಚಾಲೂ ಮಾಡಿ ಹಾರ್ನ್ ಹೊಡೆದ.

"ನಿಮ್ಮ ಗಾಡಿ ಸ್ವಲ್ಪ ಸೈಡಿಗೆ ಹಾಕಿ" ಎಂದ ಪೊಲೀಸ್.

ಸೈಡಣ್ಣನ ಕೈ ಬಾಗಿಲು ತೆರೆದೇಬಿಟ್ಟಿತು. ಒಂದು ಕಾಲು ಒಳಗೆ ಇಟ್ಟದ್ದೂ ಆಯಿತು. ಹೆಂಡತಿ, ಮಗಳು ಇಬ್ಬರೂ ಗರ ಬಡಿದವರಂತೆ ನಿಂತು ನೋಡುತ್ತಿದ್ದರು. ಅವನು ಹಾಗೆಯೇ ನಿಂತ. ಆ ಕಾಲನ್ನು ಮೆಲ್ಲಗೆ ಹೊರಗೆ ತೆಗೆದ.

"ಆಗಲ್ಲ ಸಾರ್."

ಜೀವಮಾನದಲ್ಲಿ ಖಾಕಿ ಬಟ್ಟೆಗೆ ಅವನು ಆಗಲ್ಲ ಎಂದದ್ದು ಇದೇ ಮೊದಲು. ಪೊಲೀಸನಿಗೆ ನಗು ಬಂತು. "ಅಯ್ಯೋ, ಇಲ್ಲಿಂದ ಅಲ್ಲಿಗೆ ಯಜಮಾನ್ರೇ. ಯಾರು ನೋಡ್ತಾರೆ?"

"ಅವತ್ತೂ ಇಷ್ಟೇ ದೂರ ಸಾರ್."

ಪೊಲೀಸನಿಗೆ ಅರ್ಥವಾಗಲಿಲ್ಲ. ವ್ಯಾನಿನವನು ಮತ್ತೆ ಹಾರ್ನ್ ಹೊಡೆದ. ಸೈಡಣ್ಣ ಮಗಳನ್ನು ಸ್ಟಿಯರಿಂಗ್ ಹಿಂದೆ ಕೂರಿಸಿ, ಗೇರ್ ಬಿಡಿಸಿ, ಹ್ಯಾಂಡ್ ಬ್ರೇಕ್ ಇಳಿಸಿ, ಹಿಂದೆ ಹೋಗಿ ಡಿಕ್ಕಿಗೆ ಎರಡೂ ಕೈ ಕೊಟ್ಟು ತಳ್ಳತೊಡಗಿದ. ಮಂಡಿನೋವಿನ ಹೆಂಡತಿಯೂ ಕುಂಟುತ್ತ ಬಂದು ಪಕ್ಕದಲ್ಲಿ ಕೈ ಕೊಟ್ಟಳು. ಯಾವ ಕಡೆ ತಿರುಗಿಸಲಿ ಅಪ್ಪ ಎಂದು ಮಗಳು ಒಳಗಿನಿಂದ ಕೇಳುತ್ತಿದ್ದಳು. ಅವನು ತಲೆ ತಗ್ಗಿಸಿ ತಳ್ಳುತ್ತಲೇ ಇದ್ದ. ಎಡಕ್ಕೆ ಎಂದು ಹೆಂಡತಿಯೇ ಕೂಗಿ ಹೇಳಿದಳು.